ತಲೆಯಿಂದ ಪಾದದವರೆಗೆ ಫ್ರೆಡ್ ಅಸ್ಟೇರ್

1936ರ ಮಾತು. ಹಾಲಿವುಡ್‌ನ ಆರ್‌ಕೆಓ ಸ್ಟುಡಿಯೋದಲ್ಲಿ ‘ಸ್ವಿಂಗ್ ಟೈಮ್’ ಚಿತ್ರದ ಕೊನೆಯ ಕುಣಿತದ ಶೂಟಿಂಗ್. ಎಡಕ್ಕೊಂದು ಬಲಕ್ಕೊಂದು ಬಾಗಿದ ಮೆಟ್ಟಿಲುಸಾಲು. ಒಂದು ಕಡೆಯಿಂದ ನಾಯಕ ಫ್ರೆಡ್ ಅಸ್ಟೇರ್, ಇನ್ನೊಂದು ಕಡೆಯಿಂದ ನಾಯಕಿ ಜಿಂಜರ್ ರೋಜರ್ಸ್ ಕುಣಿಯುತ್ತಲೇ ಮೇಲೆ ಹತ್ತಬೇಕು. ಮೇಲೆ ಸೇರಿದ ಮೇಲೆ ಆಕೆ ಗಿರಗಿರನೆ ಸುತ್ತಬೇಕು. ತೆರೆಯ ಮೇಲೆ ನೋಡಿದರೆ ನೀರು ಕುಡಿದಷ್ಟು ಸಲೀಸು ಅನ್ನಿಸುತ್ತದೆ. ಅದಕ್ಕೆ ಹಿಡಿದದ್ದು 47 ಟೇಕ್. ಮುಗಿಯುವ ಹೊತ್ತಿಗೆ ಜಿಂಜರ್ ಪಾದದಿಂದ ರಕ್ತ ಬರುತ್ತಿತ್ತು.

ಇವತ್ತಿನ ಯಾವುದಾದರೂ ಡ್ಯಾನ್ಸ್ ಮಾಸ್ಟರಿಗೆ ಈ ಕಥೆ ಹೇಳಿ ನೋಡಿ. ‘ಅಷ್ಟು ಒದ್ದಾಟ ಯಾಕೆ ಸಾರ್? ಮೆಟ್ಟಿಲು ಹತ್ತೋದು ಒಂದು ಶಾಟ್, ಸುತ್ತೋದು ಇನ್ನೊಂದು ಶಾಟ್, ಮಧ್ಯೆ ಕಟ್ ಮಾಡಿ ಅಂಟಿಸಿದ್ರೆ ಆಯ್ತು’ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ. ಆದರೆ ಅಸ್ಟೇರ್ ಜೀವಮಾನವಿಡೀ ಒಪ್ಪದೆ ಇದ್ದದ್ದು ಈ ಒಂದು ‘ಕಟ್’ ಅನ್ನೇ.

ಕುಣಿತವನ್ನು ಸಿನಿಮಾದಲ್ಲಿ ಕತ್ತರಿಸಿದರೆ ಏನಾಗುತ್ತದೆ? ಮೊದಲನೆಯದು, ಮೋಸ ಸುಲಭ. ನಾಲ್ಕು ಸೆಕೆಂಡು ಚೆನ್ನಾಗಿ ಕುಣಿದರೆ ಸಾಕು, ಮುಂದಿನ ನಾಲ್ಕು ಸೆಕೆಂಡನ್ನು ನಾಳೆ ಕುಣಿಯಬಹುದು. ಮುಖ ನಾಯಕನದು, ಕಾಲು ಇನ್ಯಾರದ್ದೋ ಆಗಬಹುದು. ಎರಡನೆಯದು, ಇದಕ್ಕಿಂತ ದೊಡ್ಡದು: ಕುಣಿತದ ಉಸಿರೇ ನಿಲ್ಲುತ್ತದೆ. ಒಂದು ಹೆಜ್ಜೆ ಇನ್ನೊಂದರೊಳಗೆ ಹೇಗೆ ಜಾರಿತು, ಭಾರ ಎಡಗಾಲಿನಿಂದ ಬಲಗಾಲಿಗೆ ಯಾವಾಗ ದಾಟಿತು, ಭುಜ ಯಾಕೆ ಅರೆಕ್ಷಣ ಹಿಂದೆ ಉಳಿಯಿತು, ಇದೆಲ್ಲ ಒಂದೇ ಓಟದಲ್ಲಿ ನೋಡಿದರೆ ಮಾತ್ರ ಕಾಣುತ್ತದೆ. ತುಂಡು ಮಾಡಿದರೆ ಬರೀ ಭಂಗಿಗಳು ಉಳಿಯುತ್ತವೆ.

ಅಸ್ಟೇರ್ ಹಾಲಿವುಡ್‌ಗೆ ಬಂದ 1933ರಲ್ಲಿ ಅಲ್ಲಿ ನೃತ್ಯ ನಿರ್ದೇಶಕ ಬಸ್ಬಿ ಬರ್ಕ್‌ಲೀಯ ಕಾಲ. ಅದೇ ವರ್ಷ ವಾರ್ನರ್ ಸಂಸ್ಥೆಯ ‘42ನೇ ಸ್ಟ್ರೀಟ್’ ಭಾರಿ ಹೆಸರು ಮಾಡಿತ್ತು. ಬರ್ಕ್‌ಲೀ ಕ್ಯಾಮೆರಾವನ್ನು ಚಾವಣಿಗೆ ಏರಿಸಿ, ಕೆಳಗೆ ಹತ್ತಾರು ಹುಡುಗಿಯರನ್ನು ಮಲಗಿಸಿ, ರಂಗೋಲಿ ಬಿಡಿಸಿದ ಹಾಗೆ ವೃತ್ತ, ಹೂವು, ನಕ್ಷತ್ರ ಮಾಡಿಸುತ್ತಿದ್ದ. ನೋಡಲು ಚೆಂದವೇ. ಆದರೆ ಅಲ್ಲಿ ಕುಣಿಯುವುದು ಕ್ಯಾಮೆರಾ, ಮನುಷ್ಯರು ರಂಗೋಲಿಯ ಚುಕ್ಕಿಗಳು. ‘ಕುಣಿದರೆ ಕ್ಯಾಮೆರಾ ಕುಣಿಯಬೇಕು, ಇಲ್ಲ ನಾನು ಕುಣಿಯಬೇಕು’ ಎಂಬ ಮಾತು ಅಸ್ಟೇರ್ ಹೆಸರಿನಲ್ಲಿ ಇಂದಿಗೂ ಓಡಾಡುತ್ತದೆ.

ಆತನ ಬೇಡಿಕೆ ಸರಳ. ತಲೆಯಿಂದ ಪಾದದವರೆಗೆ ಇಡೀ ಮೈ ಕಾಣಬೇಕು. ಕಟ್ ಆದಷ್ಟೂ ಕಡಿಮೆ ಇರಬೇಕು. ಮಧ್ಯದಲ್ಲಿ ‘ಆಹಾ’ ಅಂತ ಬಾಯಿಬಿಟ್ಟು ನೋಡುವವರ ಮುಖ ತೋರಿಸುವ ಹಾಗಿಲ್ಲ. ಬೇಡಿಕೆ ಸರಳವಾದರೂ ಅದನ್ನು ನಡೆಸಿಕೊಡುವುದು ಸುಲಭವಿರಲಿಲ್ಲ. ಕುಣಿಯುವವನು ಹತ್ತಿರ ಬಂದರೆ ಕಾಲು ಚೌಕಟ್ಟಿನಿಂದ ಆಚೆ ಹೋಗುತ್ತದೆ, ದೂರ ಹೋದರೆ ಇಡೀ ಮನುಷ್ಯ ಇರುವೆಯಾಗುತ್ತಾನೆ. ಹಾಗಾಗಿ ನೆಲಕ್ಕೆ ಹತ್ತಿರವಾಗಿ ಒಂದು ಪುಟ್ಟ ಚಕ್ರದ ಗಾಡಿ, ಅದರ ಮೇಲೆ ಕ್ಯಾಮೆರಾ. ಆತ ಮುಂದೆ ಬಂದರೆ ಗಾಡಿ ಹಿಂದೆ, ಆತ ಎಡಕ್ಕೆ ಜಾರಿದರೆ ಗಾಡಿಯೂ ಎಡಕ್ಕೆ. ಗಾಡಿ ತಳ್ಳುವವರಿಗೂ ಇಡೀ ಕುಣಿತ ಗೊತ್ತಿರಬೇಕಿತ್ತು. ಅದಕ್ಕೆ ‘ಅಸ್ಟೇರ್ ಡಾಲಿ’ ಎಂಬ ಹೆಸರೇ ಬಿತ್ತು. ಅಂದರೆ ಕ್ಯಾಮೆರಾ ಸುಮ್ನೆ ನಿಂತಿರಲಿಲ್ಲ. ನಿಂತ ಹಾಗೆ ಕಾಣುವಷ್ಟು ನಯವಾಗಿ ಓಡಾಡುತ್ತಿತ್ತು.

ಈ ಹಟ ಬಂದದ್ದು ನಾಟಕದ ರಂಗದಿಂದ. ಅಲ್ಲಿ ಕಟ್ ಎಲ್ಲಿದೆ? ತೆರೆ ಎದ್ದ ಮೇಲೆ ಬಿದ್ದರೂ ಎದ್ದರೂ ಅಲ್ಲೇ.

ಫ್ರೆಡ್ ಹುಟ್ಟಿದ್ದು 1899ರ ಮೇ 10ರಂದು, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ. ಹುಟ್ಟುಹೆಸರು ಫ್ರೆಡರಿಕ್ ಆಸ್ಟರ್ಲಿಟ್ಸ್. ಅಪ್ಪ ಆಸ್ಟ್ರಿಯಾದಿಂದ ವಲಸೆ ಬಂದು ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಕುಣಿತದ ಪ್ರತಿಭೆ ಇದ್ದದ್ದು ಅಕ್ಕ ಅಡೆಲ್‌ಗೆ. ಆಕೆಯನ್ನು ದೊಡ್ಡ ಶಾಲೆಯಲ್ಲಿ ಕಲಿಸಬೇಕೆಂದು 1905ರಲ್ಲಿ ತಾಯಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ನ್ಯೂಯಾರ್ಕಿಗೆ ರೈಲು ಹತ್ತಿದರು. ಅಪ್ಪ ಊರಲ್ಲೇ ಉಳಿದರು. ಐದು ವರ್ಷದ ಫ್ರೆಡ್ ಅಕ್ಕನ ಬಾಲ ಹಿಡಿದು ಹೋದವನು, ಅಷ್ಟೇ.

ಆಗ ಅಮೆರಿಕದಲ್ಲಿ ವಾಡ್‌ವಿಲ್ ಎಂಬ ರಂಗ ಮನರಂಜನೆ ಜೋರಾಗಿತ್ತು. ಒಂದೇ ಟಿಕೆಟ್ಟಿಗೆ ಹಾಡು, ನಗೆ, ಜಾದೂ, ದೊಂಬರಾಟ, ಪಳಗಿಸಿದ ನಾಯಿ, ಎಲ್ಲ ಒಂದರ ಹಿಂದೆ ಒಂದು. ಅದರಲ್ಲಿ ಈ ಅಕ್ಕ–ತಮ್ಮನ ಮೊದಲ ಐಟಂ ನೋಡಿ. ರಂಗದ ಮೇಲೆ ಎರಡು ದೊಡ್ಡ ಮದುವೆ ಕೇಕುಗಳು, ಅವುಗಳಲ್ಲಿ ಗಂಟೆಗಳು. ಅಡೆಲ್ ಮದುಮಗಳು, ಫ್ರೆಡ್ ಉದ್ದ ಕರಿ ಟೋಪಿ, ಬಾಲದ ಕೋಟು ಹಾಕಿದ ಮದುಮಗ. ಕೇಕಿನ ಮೇಲೆ ಕುಣಿಯುತ್ತಾ ಕೈಕಾಲಿನಿಂದ ಗಂಟೆ ಬಾರಿಸಿ ರಾಗ ನುಡಿಸಬೇಕು. ಎರಡನೇ ಭಾಗದಲ್ಲಿ ಫ್ರೆಡ್ ಒಂದು ದೊಡ್ಡ ಸೀಗಡಿ, ಅಡೆಲ್ ಒಂದು ಶಾಂಪೇನ್ ಲೋಟ! ಮುಂದೆ ಜಗತ್ತೆಲ್ಲ ಗುರುತಿಸಿದ ಆ ಟೋಪಿ–ಕೋಟು ಆರು ವರ್ಷ ತುಂಬಿದಾಗಲೇ ಮೈಗೆ ಏರಿತ್ತು. ಸೀಗಡಿ ವೇಷ ಮಾತ್ರ ಪುಣ್ಯಕ್ಕೆ ಮುಂದುವರಿಯಲಿಲ್ಲ.

ಹನ್ನೆರಡು ವರ್ಷ ಊರೂರು ಅಲೆದು 1917ರಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕರಂಗ ಬ್ರಾಡ್‌ವೇ ಸೇರಿದರು. 1923ರಲ್ಲಿ ಲಂಡನ್ ಗೆದ್ದರು. 1924ರಲ್ಲಿ ಗರ್ಶ್ವಿನ್ ಸಹೋದರರ ಹಾಡುಗಳ ನಾಟಕ ‘ಲೇಡಿ, ಬಿ ಗುಡ್’ ಬಂತು. ಅದರಲ್ಲಿ ‘ಫ್ಯಾಸಿನೇಟಿಂಗ್ ರಿದಮ್’ ಅನ್ನುವ ಹಾಡಿದೆ. ಅದರ ತಮಾಷೆ ನಮಗೆ ಬೇಗ ಅರ್ಥವಾಗುತ್ತದೆ. ತಾಳ ಎಂಟು ಅಕ್ಷರದ್ದು, ಹಾಡಿನ ತುಣುಕು ಏಳು ಅಕ್ಷರದ್ದು. ಹಾಗಾಗಿ ಪ್ರತಿ ಸುತ್ತಿಗೂ ತುಣುಕು ಒಂದಕ್ಷರ ಮೊದಲೇ ಬಂದು ಬೀಳುತ್ತದೆ. ಮೃದಂಗದವರು ಆದಿತಾಳದೊಳಗೆ ಏಳರ ಲೆಕ್ಕ ತಂದು ಕೇಳುವವರನ್ನು ಕಂಗಾಲು ಮಾಡುತ್ತಾರಲ್ಲ, ಆ ಜಾತಿಯ ಆಟ. ಅಸ್ಟೇರ್ ಕಾಲಿನಲ್ಲಿ ಆಡಿದ್ದು ಇದನ್ನೇ. ಟ್ಯಾಪ್ ಡ್ಯಾನ್ಸ್ ಅಂದರೆ ಶೂವಿನ ಅಡಿಗೆ, ಎತ್ತಿಗೆ ಲಾಳ ಕಟ್ಟಿದ ಹಾಗೆ, ಲೋಹದ ಬಿಲ್ಲೆ ಹೊಡೆದು ನೆಲವನ್ನೇ ವಾದ್ಯ ಮಾಡಿಕೊಳ್ಳುವುದು. ಆತ ಡ್ರಮ್ಮನ್ನೂ ಚೆನ್ನಾಗಿ ನುಡಿಸುತ್ತಿದ್ದ. ಹೆಜ್ಜೆ ಬೀಳಬೇಕಾದ ಕಡೆ ಬೀಳದೆ, ನಾವು ಮರೆತಾಗ ಬೀಳುತ್ತಿತ್ತು.

ಜೋಡಿಯಲ್ಲಿ ಜನ ನೋಡಲು ಬರುತ್ತಿದ್ದದ್ದು ಮಾತ್ರ ಅಡೆಲ್‌ಳನ್ನು. ಆಕೆ ರಂಗದ ಮೇಲೆ ನಕ್ಕರೆ ಇಡೀ ಥಿಯೇಟರ್ ನಗುತ್ತಿತ್ತು. ತಮ್ಮನಿಗೋ ಎಷ್ಟು ತಾಲೀಮು ಮಾಡಿದರೂ ಸಮಾಧಾನವಿಲ್ಲ. ಅಕ್ಕ ಆತನಿಗೆ ಗೊಣಗುಬುರುಕ ಅನ್ನುವ ಅರ್ಥದ ಅಡ್ಡಹೆಸರಿಟ್ಟಿದ್ದಳು. 1932ರಲ್ಲಿ ಆಕೆ ಇಂಗ್ಲೆಂಡಿನ ಲಾರ್ಡ್ ಚಾರ್ಲ್ಸ್ ಕ್ಯಾವೆಂಡಿಶ್‌ನನ್ನು ಮದುವೆಯಾಗಿ, ಕುಣಿತಕ್ಕೆ ಪೂರ್ಣವಿರಾಮ ಇಟ್ಟು, ಐರ್ಲೆಂಡಿನ ಒಂದು ಕೋಟೆಮನೆಗೆ ಹೋಗಿಬಿಟ್ಟಳು. ಇಪ್ಪತ್ತೇಳು ವರ್ಷದ ಜೋಡಿ ಮುರಿಯಿತು. ತಮ್ಮ ಒಬ್ಬನೇ ನಿಂತು ‘ಗೇ ಡೈವೋರ್ಸ್’ ನಾಟಕ ಮಾಡಿದಾಗ, ಅಕ್ಕ ಇಲ್ಲದೆ ಸಪ್ಪೆ ಅಂತ ಕೆಲವು ವಿಮರ್ಶಕರು ಬರೆದರು.

ಮೂವತ್ತಮೂರು ವರ್ಷ, ಕೂದಲು ತೆಳ್ಳಗಾಗುತ್ತಿದೆ, ನಾಯಕನ ಮುಖವಲ್ಲ. ಇಂಥವನು ಸಿನಿಮಾಕ್ಕೆ ಬಂದ. ‘ನಟನೆ ಬರಲ್ಲ, ಹಾಡು ಬರಲ್ಲ, ಸ್ವಲ್ಪ ಕುಣೀತಾನೆ’ ಅಂತ ಸ್ಕ್ರೀನ್ ಟೆಸ್ಟಿನ ಚೀಟಿಯಲ್ಲಿ ಬರೆದಿತ್ತು ಅನ್ನುವ ಕಥೆ ಎಲ್ಲರ ಬಾಯಲ್ಲೂ ಇದೆ. ಆ ಚೀಟಿಯನ್ನು ಕಂಡವರಿಲ್ಲ. ದಾಖಲೆಯಲ್ಲಿ ಇರುವುದು ಆರ್‌ಕೆಓದ ಡೇವಿಡ್ ಸೆಲ್ಜ್‌ನಿಕ್ ಬರೆದ ಟಿಪ್ಪಣಿ. ಕಿವಿ ಬಹಳ ದೊಡ್ಡದು, ಗದ್ದ ಚೆನ್ನಾಗಿಲ್ಲ, ಆದರೂ ಇಷ್ಟು ಕೆಟ್ಟ ಟೆಸ್ಟಿನಲ್ಲೂ ಆತನ ಸೆಳೆತ ಎದ್ದು ಕಾಣುತ್ತದೆ ಎಂಬುದು ಅದರ ಸಾರ. ನನಗೆ ಈ ನಿಜವಾದ ಟಿಪ್ಪಣಿಯೇ ಕಥೆಗಿಂತ ಜಾಸ್ತಿ ಇಷ್ಟ.

1933ರ ‘ಫ್ಲೈಯಿಂಗ್ ಡೌನ್ ಟು ರಿಯೊ’ದಲ್ಲಿ ಅಸ್ಟೇರ್, ಜಿಂಜರ್ ಇಬ್ಬರೂ ನಾಯಕ–ನಾಯಕಿಯಲ್ಲ. ಆದರೂ ಜನ ಅವರನ್ನೇ ಹಿಡಿದುಕೊಂಡರು. 1939ರೊಳಗೆ ಇಬ್ಬರೂ ಸೇರಿ ಒಂಬತ್ತು ಚಿತ್ರ ಮಾಡಿದರು. ಹತ್ತನೆಯದು 1949ರಲ್ಲಿ ಬಂತು. ಈ ಚಿತ್ರಗಳ ಕಥೆ ಹೇಳಿ ಪ್ರಯೋಜನವಿಲ್ಲ. ಗುರುತು ತಪ್ಪುವುದು, ಜಗಳ, ಮತ್ತೆ ಸೇರುವುದು. ಗಮನಿಸಬೇಕಾದ್ದು ಕುಣಿತ ಎಲ್ಲಿ ಬರುತ್ತದೆ ಅನ್ನುವುದು. 1934ರ ‘ದಿ ಗೇ ಡೈವೋರ್ಸೀ’ಯಲ್ಲಿ ಆಕೆ ಹೊರಟುನಿಂತಿದ್ದಾಳೆ. ಆತ ತಡೆಯುತ್ತಾನೆ, ಆಕೆ ತಪ್ಪಿಸಿಕೊಳ್ಳುತ್ತಾಳೆ, ಮತ್ತೆ ತಡೆಯುತ್ತಾನೆ. ಆ ತಡೆಯುವುದು–ತಪ್ಪಿಸಿಕೊಳ್ಳುವುದೇ ಹೆಜ್ಜೆಯಾಗುತ್ತದೆ. ಶುರುವಿನಲ್ಲಿ ಮುಖ ತಿರುಗಿಸಿದ್ದವಳು ಮುಗಿಯುವಾಗ ಮಾತು ಹೊರಡದೆ ಕೂತಿರುತ್ತಾಳೆ. ಆ ಕುಣಿತ ತೆಗೆದುಹಾಕಿದರೆ ಕಥೆಯೇ ಮುಂದೆ ಹೋಗುವುದಿಲ್ಲ. ಮುತ್ತು ಕೊಡುವ ದೃಶ್ಯ ಅಸ್ಟೇರ್‌ಗೆ ಮುಜುಗರ. ನಮ್ಮ ಹಳೇ ಚಿತ್ರಗಳಲ್ಲಿ ಎರಡು ಹೂ ಮುಟ್ಟಿಸಿ ಮುಗಿಸುತ್ತಿದ್ದರಲ್ಲ, ಇಲ್ಲಿ ಹೂವಿನ ಕೆಲಸವನ್ನು ಕುಣಿತ ಮಾಡಿತು.

ಒಂದು ಕುಣಿತ ತಯಾರಾಗುತ್ತಿದ್ದ ಬಗೆ ಹೀಗೆ. ಶೂಟಿಂಗ್‌ಗೆ ವಾರಗಳ ಮೊದಲೇ ಒಂದು ಖಾಲಿ ಕೋಣೆ. ಒಳಗೆ ಅಸ್ಟೇರ್, ಪಿಯಾನೋ ನುಡಿಸುವವರು, ಮತ್ತೆ ಹರ್ಮಿಸ್ ಪ್ಯಾನ್. ಗ್ರೀಕ್ ಮೂಲದ ಈ ನೃತ್ಯ ನಿರ್ದೇಶಕ ಅಸ್ಟೇರ್‌ನ 31 ಮ್ಯೂಸಿಕಲ್ (ಹಾಡು–ಕುಣಿತದ) ಚಿತ್ರಗಳಲ್ಲಿ 17ಕ್ಕೆ ಕೆಲಸ ಮಾಡಿದವರು. ಹೆಜ್ಜೆ ಕಟ್ಟುವಾಗ ಪ್ಯಾನ್ ಜಿಂಜರ್ ಆಗುತ್ತಿದ್ದರು. ಕಟ್ಟಿ ಮುಗಿದ ಮೇಲೆ ಜಿಂಜರ್‌ಗೆ ಕಲಿಸುವಾಗ ಅಸ್ಟೇರ್ ಆಗುತ್ತಿದ್ದರು. ಹಾಡು ಮೊದಲೇ ರೆಕಾರ್ಡ್ ಆಗಿರುತ್ತಿತ್ತು. ಪ್ಲೇಬ್ಯಾಕ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಹಾಡಿದ್ದೂ ಆತನೇ. ಸಣ್ಣ ದನಿ, ಆದರೆ ಒಂದು ಪದವೂ ನುಂಗಿಹೋಗುತ್ತಿರಲಿಲ್ಲ. ಅದಕ್ಕೇ ಅರ್ವಿಂಗ್ ಬರ್ಲಿನ್, ಜೆರೋಮ್ ಕರ್ನ್, ಕೋಲ್ ಪೋರ್ಟರ್‌ರಂಥವರು ಆತನಿಗಾಗಿ ಹಾಡು ಬರೆದರು. ಶೂಟಿಂಗ್ ಮುಗಿದ ಮೇಲೆ ಇನ್ನೊಂದು ಕೆಲಸ ಬಾಕಿ: ತೆರೆ ನೋಡುತ್ತಾ ಟ್ಯಾಪ್ ಸದ್ದನ್ನು ಮತ್ತೆ ಕಾಲಿನಿಂದಲೇ ಡಬ್ ಮಾಡುವುದು. ಜಿಂಜರ್ ಹೆಜ್ಜೆಯ ಸದ್ದು ಎಷ್ಟೋ ಸಲ ಪ್ಯಾನ್ ಅವರದ್ದು. ತುಟಿ ಒಬ್ಬರದು, ದನಿ ಒಬ್ಬರದು ಅನ್ನುವ ಹಾಗೆ ಕಾಲು ಒಬ್ಬರದು, ಸದ್ದು ಒಬ್ಬರದು.

ನೆಲಕ್ಕೂ ಸೇವೆ ನಡೆಯುತ್ತಿತ್ತು. ಆರ್‌ಕೆಓ ಸೆಟ್ಟಿನ ಆ ಹೊಳೆಯುವ ನೆಲ ಬೇಕಲೈಟ್‌ನದು, ಹಳೇ ರೇಡಿಯೋ ಪೆಟ್ಟಿಗೆಗೆ ಬಳಸುತ್ತಿದ್ದ ಅದೇ ವಸ್ತು. ಒಂದು ಹೆಜ್ಜೆ ಇಟ್ಟರೆ ಗೀರು. ತಾಲೀಮಿನಲ್ಲಿ ರಟ್ಟು ಹಾಸುತ್ತಿದ್ದರು. ಟೇಕ್ ಆದಮೇಲೆ ಒರೆಸಬೇಕು, ಆಮೇಲೆ ಇನ್ನೊಂದು ಟೇಕ್. ಆ 47 ಟೇಕ್‌ಗಳನ್ನು ಈ ಲೆಕ್ಕದಲ್ಲೂ ಒಮ್ಮೆ ಊಹಿಸಿಕೊಳ್ಳಿ.

1935ರ ‘ಟಾಪ್ ಹ್ಯಾಟ್’ನಲ್ಲಿ ಜಿಂಜರ್ ತಾನೇ ಆರಿಸಿದ ಉಷ್ಟ್ರಪಕ್ಷಿಯ ಗರಿಯ ಉಡುಪು ಹಾಕಿಕೊಂಡು ಬಂದಳು. ಕುಣಿದರೆ ಗರಿ ಉದುರಿ ಅಸ್ಟೇರ್ ಕಣ್ಣಿಗೆ, ಮೂಗಿಗೆ, ಕೋಟಿಗೆ. ಆತ ಸಿಟ್ಟಾದ, ಆಕೆ ಬಗ್ಗಲಿಲ್ಲ. ಕೊನೆಗೆ ಅದೇ ಉಡುಪಿನಲ್ಲೇ ‘ಚೀಕ್ ಟು ಚೀಕ್’ ಆಯಿತು. ಗಮನವಿಟ್ಟು ನೋಡಿದರೆ ಗಾಳಿಯಲ್ಲಿ ಒಂದೆರಡು ಗರಿ ಈಗಲೂ ಕಾಣುತ್ತವೆ. ಬಾಗಿದಾಗ ಆ ಉಡುಪು ಮೈಯ ಜೊತೆ ಹರಿಯುವ ರೀತಿ ನೋಡಿದರೆ ಆಕೆಯ ಹಟವೇ ಸರಿ ಅನ್ನಿಸುತ್ತದೆ. ‘ಅಸ್ಟೇರ್ ಮಾಡಿದ್ದನ್ನೆಲ್ಲ ಜಿಂಜರ್ ಹಿಮ್ಮುಖವಾಗಿ, ಹೈಹೀಲ್ಸ್ ಹಾಕಿಕೊಂಡು ಮಾಡಿದಳು’ ಎಂಬ ಪ್ರಸಿದ್ಧ ಮಾತನ್ನು ಆಕೆಯೇ ಹೇಳಿದ್ದೆಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಬಾಬ್ ಥೇವ್ಸ್ ಬರೆದ 1982ರ ಒಂದು ವ್ಯಂಗ್ಯಚಿತ್ರದ ಸಾಲು. ಪೂರ್ತಿ ನಿಜವೂ ಅಲ್ಲ, ಎಷ್ಟೋ ಕುಣಿತಗಳಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಮುಂದಕ್ಕೇ ಕುಣಿಯುತ್ತಾರೆ. ಹೈಹೀಲ್ಸ್ ಮಾತ್ರ ನಿಜ.

ಇನ್ನೊಂದು ವಿಷಯ ಮುಚ್ಚಿಡುವಂಥದ್ದಲ್ಲ. ಟ್ಯಾಪ್ ಬೆಳೆದದ್ದು ಹೆಚ್ಚಾಗಿ ಅಮೆರಿಕದ ಕಪ್ಪು ಜನರ ಕಾಲಿನಲ್ಲಿ. ಬಿಲ್ ರಾಬಿನ್ಸನ್, ಜಾನ್ ಬಬಲ್ಸ್ ಅಂಥವರಿಂದ ಅಸ್ಟೇರ್ ಕಲಿತ. ‘ಸ್ವಿಂಗ್ ಟೈಮ್’ನಲ್ಲಿ ರಾಬಿನ್ಸನ್‌ಗೆ ಗೌರವ ಅಂತ ಒಂದು ಕುಣಿತವಿದೆ. ಅಸ್ಟೇರ್ ಹಿಂದೆ ಮೂರು ದೊಡ್ಡ ನೆರಳುಗಳು ಕುಣಿದು, ಕೊನೆಗೆ ಸೋತು ಹೊರಟುಹೋಗುವ ಅದ್ಭುತ ಕಲ್ಪನೆ. ಆದರೆ ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡಿದ್ದಾನೆ. ಇವತ್ತು ಅದನ್ನು ನೋಡುವಾಗ ಮೈ ಹಿಂಡುತ್ತದೆ. ಅದೇ ಕಾಲದಲ್ಲಿ ನಿಕೊಲಸ್ ಸಹೋದರರು, ಫಯಾರ್ಡ್ ಮತ್ತು ಹೆರಾಲ್ಡ್, ಇದ್ದರು. 1943ರ ‘ಸ್ಟಾರ್ಮಿ ವೆದರ್’ನಲ್ಲಿ ಅವರು ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬರ ತಲೆ ಮೇಲೊಬ್ಬರು ಹಾರಿ, ಕಾಲು ಚಾಚಿ ಬಿದ್ದು, ಕೈಯೂರದೆ ಎದ್ದು ನಿಲ್ಲುವುದನ್ನು ನೋಡಿ, ತಾನು ಕಂಡ ಅತಿ ಶ್ರೇಷ್ಠ ಮ್ಯೂಸಿಕಲ್ ದೃಶ್ಯ ಅದು ಅಂದವನು ಅಸ್ಟೇರ್. ಆದರೆ ದೊಡ್ಡ ಸ್ಟುಡಿಯೋಗಳ ಬೇರೆ ಚಿತ್ರಗಳಲ್ಲಿ ಆ ಇಬ್ಬರ ಕುಣಿತ ಕಥೆಗೆ ಅಂಟದ ಹಾಗೆ ಇಡುತ್ತಿದ್ದರು. ದಕ್ಷಿಣದ ರಾಜ್ಯಗಳ ಥಿಯೇಟರಿನಲ್ಲಿ ಕಪ್ಪು ಕಲಾವಿದರ ಭಾಗವನ್ನು ಕತ್ತರಿಸಿ ಬಿಸಾಡಲು ಅನುಕೂಲ ಅಂತ. ಕಟ್ ಬೇಡ ಅನ್ನುವ ಹಕ್ಕು ಎಲ್ಲರಿಗೂ ಸಿಕ್ಕಿರಲಿಲ್ಲ.

1946ರಲ್ಲಿ ಅಸ್ಟೇರ್ ಸಾಕು ಅಂತ ನಿವೃತ್ತಿ ಘೋಷಿಸಿದ. ಮರುವರ್ಷ ಡ್ಯಾನ್ಸ್ ಶಾಲೆಗಳನ್ನು ತೆರೆದ. ಕುದುರೆ ರೇಸು ಅಂದರೆ ಪ್ರಾಣ, ಅದರಲ್ಲಿ ಮುಳುಗಿದ. ಅಷ್ಟರಲ್ಲಿ ಇನ್ನೊಬ್ಬ ಕುಣಿತದ ತಾರೆ ಜೀನ್ ಕೆಲಿ ಕಾಲು ಮುರಿದುಕೊಂಡ. ಆತನ ಜಾಗಕ್ಕೆ ಕರೆದರು, 1948ರ ‘ಈಸ್ಟರ್ ಪರೇಡ್’ನಲ್ಲಿ ಜೂಡಿ ಗಾರ್ಲೆಂಡ್ ಜೊತೆ ಮರಳಿದ. ಮುಂದಿನ ಒಂಬತ್ತು ವರ್ಷ ಆತನ ಎರಡನೇ ಇನಿಂಗ್ಸ್.

ಅದರಲ್ಲಿ 1951ರ ‘ರಾಯಲ್ ವೆಡ್ಡಿಂಗ್’ ಬಗ್ಗೆ ಹೇಳಲೇಬೇಕು. ಅಮೆರಿಕದ ಅಣ್ಣ–ತಂಗಿಯ ಒಂದು ಜೋಡಿ ಲಂಡನ್ನಿಗೆ ಕುಣಿಯಲು ಹೋಗುತ್ತದೆ, ತಂಗಿ ಅಲ್ಲಿನ ಲಾರ್ಡ್ ಒಬ್ಬನನ್ನು ಪ್ರೀತಿಸುತ್ತಾಳೆ. ಯಾರ ಕಥೆ ಅಂತ ಹೇಳಬೇಕಿಲ್ಲ ಅಲ್ವಾ? ಅದರಲ್ಲಿ ನಾಯಕ ಹೋಟೆಲ್ ಕೋಣೆಯಲ್ಲಿ ಹುಡುಗಿಯ ಫೋಟೋ ಹಿಡಿದು ಹಾಡುತ್ತಾ ಗೋಡೆಗೆ ಕಾಲಿಡುತ್ತಾನೆ. ಗೋಡೆಯ ಮೇಲೆ ನಿಲ್ಲುತ್ತಾನೆ. ಅಲ್ಲಿಂದ ಚಾವಣಿಗೆ ಹೋಗಿ ತಲೆಕೆಳಗಾಗಿ ಕುಣಿಯುತ್ತಾನೆ. ಹಗ್ಗವಿಲ್ಲ, ತಂತಿಯಿಲ್ಲ, ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ.

ಸಿಮೆಂಟ್ ಮಿಕ್ಸರ್ ನೋಡಿದ್ದೀರಲ್ಲ, ಅಂಥ ಒಂದು ದೊಡ್ಡ ಉಕ್ಕಿನ ಪೀಪಾಯಿಯೊಳಗೆ ಕೋಣೆಯನ್ನು ಕೂರಿಸಿದ್ದರು. ಕುರ್ಚಿ, ಮೇಜು, ಪರದೆ ಎಲ್ಲಕ್ಕೂ ಬೋಲ್ಟು. ಪೀಪಾಯಿ ನಿಧಾನಕ್ಕೆ ತಿರುಗುತ್ತದೆ. ಗೋಡೆ ಕೆಳಗೆ ಬಂದಾಗ ಅಸ್ಟೇರ್ ಗೋಡೆಗೆ ಕಾಲಿಡುತ್ತಾನೆ, ಚಾವಣಿ ಕೆಳಗೆ ಬಂದಾಗ ಚಾವಣಿಗೆ. ಅಂದರೆ ಆತ ಉದ್ದಕ್ಕೂ ಇದ್ದದ್ದು ನೆಟ್ಟಗೇ, ಕೆಳಗಡೆಯೇ. ಗುಟ್ಟು ಇರುವುದು ಕ್ಯಾಮೆರಾದಲ್ಲಿ. ಅದನ್ನು ಕೋಣೆಯ ಜೊತೆಗೇ ಬಿಗಿದಿದ್ದರು, ಕ್ಯಾಮೆರಾ ಹಿಡಿದವನನ್ನೂ ಸೇರಿಸಿ. ಕೋಣೆ ತಿರುಗಿದರೆ ಕ್ಯಾಮೆರಾವೂ ತಿರುಗುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಕೋಣೆ ಅಲ್ಲಾಡುವುದೇ ಇಲ್ಲ, ಮನುಷ್ಯ ಮಾತ್ರ ಗೋಡೆ ಹತ್ತುತ್ತಾನೆ. ಆದರೆ ಈ ಯಂತ್ರ ಅರ್ಧ ಕೆಲಸ ಮಾತ್ರ. ನೆಲ ಕಾಲಡಿಯಲ್ಲಿ ವಾಲುತ್ತಿರುವಾಗ, ಹಾಡಿನ ತಾಳ ತಪ್ಪದೆ, ವಾಲುತ್ತಿದೆ ಅಂತ ಮೈಯಲ್ಲಿ ಎಲ್ಲೂ ತೋರಿಸದೆ ಕುಣಿಯಬೇಕಲ್ಲ, ಆಗ ಆತನಿಗೆ ಐವತ್ತು ದಾಟಿತ್ತು.

ನನಗೆ ಇದಕ್ಕಿಂತಲೂ ಇಷ್ಟವಾದದ್ದು ಏನೂ ಚಮತ್ಕಾರವಿಲ್ಲದ ಇನ್ನೊಂದು. 1953ರ ‘ದಿ ಬ್ಯಾಂಡ್ ವ್ಯಾಗನ್’. ರಾತ್ರಿ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕು (ಸ್ಟುಡಿಯೋದೊಳಗಿನದು). ಅಸ್ಟೇರ್, ಸಿಡ್ ಶರೀಸ್ ಸುಮ್ನೆ ನಡೆಯುತ್ತಿದ್ದಾರೆ. ಮಾತಿಲ್ಲ. ನಡೆಯುತ್ತಾರೆ, ನಡೆಯುತ್ತಾರೆ. ಇಬ್ಬರ ಕಾಲು ಯಾವಾಗ ಒಂದೇ ಲಯಕ್ಕೆ ಬಂತೋ ಗೊತ್ತಾಗುವುದಿಲ್ಲ. ಆಕೆ ಒಂದು ಸಣ್ಣ ಸುತ್ತು ಸುತ್ತುತ್ತಾಳೆ, ಆತ ಉತ್ತರ ಕೊಡುತ್ತಾನೆ. ನಡಿಗೆ ಮುಗಿದು ಕುಣಿತ ಶುರುವಾದ ಜಾಗ ಹುಡುಕಲು ನಾನು ಎಷ್ಟೋ ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಪ್ರತಿ ಸಲವೂ ಬೇರೆ ಜಾಗ ಅನ್ನಿಸುತ್ತದೆ.

1954ರಲ್ಲಿ ಹೆಂಡತಿ ಫಿಲಿಸ್ ಕ್ಯಾನ್ಸರ್‌ನಿಂದ ತೀರಿಕೊಂಡಳು. 1958ರಲ್ಲಿ ಟಿವಿಯಲ್ಲಿ ಬಣ್ಣದ ಕಾರ್ಯಕ್ರಮ ಕೊಟ್ಟು ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿಯನ್ನು ಒಂಬತ್ತು ಬಾಚಿಕೊಂಡ. ‘ದಿ ಟವರಿಂಗ್ ಇನ್‌ಫರ್ನೊ’ದ ನಟನೆಗೆ ಆಸ್ಕರ್ ನಾಮನಿರ್ದೇಶನವೂ ಆಯಿತು. 1983ರಲ್ಲಿ ಟಿವಿಯಲ್ಲಿ ಒಬ್ಬ ಹುಡುಗ ಹಿಂದಕ್ಕೆ ಜಾರುತ್ತಾ ನಡೆದದ್ದು ನೋಡಿ, ಮರುದಿನ ಫೋನ್ ಮಾಡಿ ಮೆಚ್ಚಿಕೊಂಡ. ಆ ಹುಡುಗ ಮೈಕಲ್ ಜಾಕ್ಸನ್. ಜಾಕ್ಸನ್ ತನ್ನ ಆತ್ಮಕಥೆಯನ್ನು ಅಸ್ಟೇರ್‌ಗೇ ಅರ್ಪಿಸಿದ. ಆ ಜಾಕ್ಸನ್‌ನನ್ನು ನೋಡಿ ಬೆಳೆದವರಲ್ಲಿ ಮೂಗೂರು ಸುಂದರ್ ಮಾಸ್ಟರ ಮಗ, ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಒಬ್ಬ. ಒಮಾಹಾದಿಂದ ಮೂಗೂರಿಗೆ ಇಷ್ಟೇ ದೂರ. 1987ರ ಜೂನ್ 22ರಂದು ಅಸ್ಟೇರ್ ತೀರಿಕೊಂಡಾಗ 88 ವರ್ಷ.

ಆತನ ಕೊನೆಯ ಮ್ಯೂಸಿಕಲ್ 1968ರ ‘ಫಿನಿಯನ್ಸ್ ರೈನ್‌ಬೋ’. ನಿರ್ದೇಶಕ ಇನ್ನೂ ಹೆಸರು ಮಾಡದ ಫ್ರಾನ್ಸಿಸ್ ಫೋರ್ಡ್ ಕೊಪೊಲಾ. ನೃತ್ಯಕ್ಕೆ ಹಳೇ ಗೆಳೆಯ ಹರ್ಮಿಸ್ ಪ್ಯಾನ್ ಇದ್ದರು, ಅವರನ್ನು ಮಧ್ಯದಲ್ಲೇ ಕೈಬಿಟ್ಟರು. ಅಸ್ಟೇರ್‌ಗೆ ಎಪ್ಪತ್ತರ ಹತ್ತಿರ, ಆದರೂ ಕುಣಿದ. ಆಮೇಲೆ ಸ್ಟುಡಿಯೋದವರಿಗೆ ಚಿತ್ರವನ್ನು ದೊಡ್ಡ ತೆರೆಗೆ ತೋರಿಸುವ ಆಸೆ ಬಂತು. 35 ಎಂಎಂನಲ್ಲಿ ತೆಗೆದದ್ದನ್ನು 70 ಎಂಎಂಗೆ ಹಿಗ್ಗಿಸಿದರು. ಹಿಗ್ಗಿಸುವಾಗ ಚೌಕಟ್ಟಿನ ಮೇಲೆ ಒಂದಿಷ್ಟು, ಕೆಳಗೆ ಒಂದಿಷ್ಟು ಹೋಯಿತು. ಕೆಳಗೆ ಹೋದದ್ದು ಅಸ್ಟೇರ್‌ನ ಪಾದಗಳು.